ಬಾಲ್ಕನಿಯಲ್ಲೇ ಶುರು ಮಾಡಿ ಮಾರಾಯ್ರೇ

ಭಾನುವಾರ ಮಂಗಳೂರಿನ ತಣ್ಣೀರುಬಾವಿ ಬೀಚಲ್ಲಿ ಕಸ ಹೆಕ್ಕಲು ಹೋಗುತ್ತಿದ್ದೆ, 2020ರ ಲಾಕ್‌ಡೌನಲ್ಲಿ ಕದ್ರಿಯ ಫ್ಲ್ಯಾಟಲ್ಲಿ ಕೂತು ಏನು ಮಾಡಲಿ ಅಂತ ಕೇಳಿದ್ದಿರಿ.

ಮೊದಲು ನಿಮ್ಮ ಹಸಿ ಕಸ ಗೇಟು ದಾಟದ ಹಾಗೆ ನೋಡಿಕೊಳ್ಳಿ. 2019ರ ಆಗಸ್ಟ್ ಮಳೆಗೆ ಊರ ಕಸವೆಲ್ಲ ಬೀಳುವ ಪಚ್ಚನಾಡಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಊರಿನ ಮನೆ, ತೋಟಗಳ ಮೇಲೆ ಬಂತು, ನೆನಪಿದೆ ಅಲ್ವಾ? ಅದರಲ್ಲಿ ನಮ್ಮ ಬಾಳೆಹಣ್ಣಿನ ಸಿಪ್ಪೆಯೂ ಇತ್ತು.

ಹಸಿ ಕಸವನ್ನು ಗೊಬ್ಬರ ಮಾಡಲು ಎರಡು ಹಳೇ ಪೇಂಟ್ ಬಕೆಟ್ ಸಾಕು. ತೂತು ಕೊರೆದು, ಅಡಿಗೆ ತೆಂಗಿನ ನಾರು ಹಾಸಿ, ಒಂದು ಹಿಡಿ ಹಸಿ ಕಸಕ್ಕೆ ಎರಡು ಹಿಡಿ ಒಣ ಎಲೆ ಹಾಕುತ್ತಾ ಹೋಗಿ, ವಾರಕ್ಕೊಮ್ಮೆ ಕೋಲಲ್ಲಿ ಕೆದಕಿ, ಒಂದು ತುಂಬಿದ ಮೇಲೆ ಇನ್ನೊಂದು. ಎರಡು ಮೂರು ತಿಂಗಳಿಗೆ ಗೊಬ್ಬರ. ವಾಸನೆ ಬಂದರೆ ನೀರು ಜಾಸ್ತಿ ಅಂತ ಅರ್ಥ, ಇನ್ನಷ್ಟು ಒಣ ಎಲೆ ಹಾಕಿ. ಮಳೆಗಾಲಕ್ಕೆ ಮೊದಲೇ ಒಂದು ಗೋಣಿ ಎಲೆ ಕೂಡಿಟ್ಟುಕೊಳ್ಳಿ. ತೊಳೆ ತೆಗೆದು ಉಳಿದ ಹಲಸಿನ ರಚ್ಚೆಯನ್ನು ಸಣ್ಣಗೆ ಕತ್ತರಿಸಿ ಹಾಕಬಹುದು. ಮೀನು ಮಾತ್ರ ಬೇಡ. ನಾನು ಒಮ್ಮೆ ಬಂಗುಡೆ ತಲೆ ಹಾಕಿ ಇಡೀ ಓಣಿಯ ಬೆಕ್ಕುಗಳನ್ನು ಕರೆಸಿಕೊಂಡಿದ್ದೆ, ಪಕ್ಕದ ಮನೆಯವರು ಮೂರು ದಿನ ಮಾತಾಡಲಿಲ್ಲ!

ಬೆಳಿಗ್ಗೆ 15 ನಿಮಿಷ ಬಾಲ್ಕನಿಯಲ್ಲಿ ಹಕ್ಕಿ ಎಣಿಸಿ, ಹಕ್ಕಿಗಳ ಲೆಕ್ಕ ದಾಖಲಿಸುವ ಇಬರ್ಡ್ (eBird) ಜಾಲತಾಣಕ್ಕೆ ಹಾಕಿ. ಸುಮ್ನೆ ಕಾಗೆ ಅಂತ ಬಿಡಬೇಡಿ, ಅದರ ಲೆಕ್ಕವೂ ಬೇಕು.

ಮತ್ತೆ, 2020ರಲ್ಲಿ ಕೇಂದ್ರದ ಪರಿಸರ ಪರಿಣಾಮ ಮೌಲ್ಯಮಾಪನದ (ಯೋಜನೆಗೆ ಒಪ್ಪಿಗೆ ಕೊಡುವ ಮೊದಲು ಪರಿಸರಕ್ಕಾಗುವ ಹಾನಿ ಅಳೆಯುವುದು) ನಿಯಮದ ಕರಡು ಬಂದಿತ್ತಲ್ಲ, ಇಐಎ 2020, ಅದಕ್ಕೆ ಆಕ್ಷೇಪಣೆ ಕಳಿಸಲು ಆ ವರ್ಷದ ಆಗಸ್ಟ್ 11ರ ತನಕ ಸಮಯವಿತ್ತು. ಅಂಥ ಕರಡು ಬಂದಾಗ ಆಕ್ಷೇಪಣೆಗೆ ಒಂದು ಇಮೇಲ್ ಸಾಕು. ನನ್ನ ಪ್ರಕಾರ ಇದು ನಾಲ್ಕು ಭಾನುವಾರ ಬೀಚಲ್ಲಿ ಬಾಟಲಿ ಹೆಕ್ಕುವುದಕ್ಕಿಂತ ದೊಡ್ಡ ಕೆಲಸ. ಬಕೆಟ್‌ಗೆ ಹುಳ ಬಂದರೆ ಹೆದರಬೇಡಿ, ಇಲ್ಲೇ ಕೇಳಿ.