ಬೈಕ್ ರಿಪೇರಿ ಮಾಡಿಸು ತಮ್ಮಾ

ತಮ್ಮಾ, ಸಿಂಧನೂರಿನಿಂದ ಅಮೆರಿಕದ ಕೊಲಂಬಸ್‌ಗೆ ಎಂಎಸ್ ಓದಲು ಬರ್ತಿದ್ದೀಯ, ಒಳ್ಳೇದು. ಜೀವನ ಹೇಗೆ, ಎಷ್ಟು ವರ್ಷಕ್ಕೆ ಸೆಟಲ್ ಆಗಬಹುದು ಅಂತ ಕೇಳಿದ್ದೀಯ. ಚಳಿ, ಬಾಡಿಗೆ ವಿಷಯ ಯಾರು ಬೇಕಾದರೂ ಹೇಳ್ತಾರೆ. ಸೋನಾಮಸೂರಿ ಇಲ್ಲೇ ಸಿಗುತ್ತೆ, ಹೊತ್ಕೊಂಡು ಬರಬೇಡ.

ನಿನ್ನ ಪತ್ರದಲ್ಲಿ ನನಗೆ ಚುಚ್ಚಿದ್ದು ಬೇರೆ ಮಾತು. ಹೇಗೂ ಹೋಗ್ತೀನಲ್ಲ ಅಂತ ಆರು ತಿಂಗಳಿಂದ ಬೈಕ್ ರಿಪೇರಿ ಮಾಡಿಸಿಲ್ಲ ಅಂದಿದ್ದೀಯ.

ನನ್ನ ಪಕ್ಕದ ಮನೆಯ ಅಜ್ಜ ನೇಪಾಳಿ ಮಾತಾಡೋ ಭೂತಾನದವರು. ಪೌರತ್ವ ಕಳಕೊಂಡು 1991ರಲ್ಲಿ ಊರು ಬಿಟ್ಟವರು. ಪೂರ್ವ ನೇಪಾಳದ ಬೆಲ್ದಾಂಗಿ ನಿರಾಶ್ರಿತರ ಕ್ಯಾಂಪಿನ ಬಿದಿರಿನ ಗುಡಿಸಲಲ್ಲಿ 18 ವರ್ಷ ಇದ್ದರು. ಅಮೆರಿಕದಲ್ಲಿ ನೆಲೆಸೋಕೆ ಹೆಸರು ಕೊಟ್ಟ ಮೇಲೆ ಸಂದರ್ಶನ, ಮೆಡಿಕಲ್, ಮತ್ತೆ ಕಾಯೋದು. ನಾಳೆ ಹೋಗೋರಿಗೆ ಹುಲ್ಲು ಯಾಕೆ ಅಂತ ಮಗ ಮಾಡು ಹೊದಿಸಲಿಲ್ಲ. ಮಳೆಗಾಲ ಪೂರ್ತಿ ಪಾತ್ರೆ ಇಟ್ಟುಕೊಂಡು ಮಲಗಿದ್ದರಂತೆ. ಮೊದಲೇ ಹೋದವರು ಕಳಿಸಿದ ಫೋಟೋ ನೋಡಿ ಮೊಮ್ಮಗ ಫ್ರಿಡ್ಜಿನ ಕನಸು ಕಾಣ್ತಿದ್ದ. ಅಜ್ಜನಿಗೆ ಮಾತ್ರ ಊರಿನ ಕಿತ್ತಳೆ ತೋಟವೇ ಕಣ್ಣ ಮುಂದೆ. ಒಂದೇ ಗುಡಿಸಲು, ಒಬ್ಬೊಬ್ಬರದು ಒಂದೊಂದು ನಾಳೆ.

ಫೋಟೋ ಅಂದೆನಲ್ಲ, ನಾನೂ ಬಂದ ಹೊಸದರಲ್ಲಿ ಯಾರದೋ ಕಾರಿಗೆ ಒರಗಿ ನಿಂತು ಅಮ್ಮನಿಗೆ ಕಳಿಸಿದ್ದೆ. ಆಗ ನನಗೆ ಬಸ್ ಪಾಸಿಗೂ ತತ್ವಾರ! ಅದನ್ನೇ ನೋಡಿ ನಮ್ಮ ಓಣಿಯ ಎಷ್ಟು ಹುಡುಗರು ಏನೇನು ಅಂದ್ಕೊಂಡರೋ.

ನಿನ್ನನ್ನು ಅಜ್ಜನ ಮನೆಯವರಿಗೆ ಹೋಲಿಸ್ತಿಲ್ಲ. ನಿನಗೆ ವಾಪಸ್ ಹೋಗೋಕೆ ಊರಿದೆ. ಜಗತ್ತಿನ ನಿರಾಶ್ರಿತರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಿಗೂ ಹೀಗೆ ಇನ್ನೊಂದು ದೇಶ ಸಿಗಲ್ಲ. ಸಿಕ್ಕಿ ಇಲ್ಲಿಗೆ ಬಂದವರಿಗೂ ವಿಮಾನದ ಟಿಕೆಟ್ ಸಾಲವೇ, ಬಂದ ಮೇಲೆ ಕಂತು ಕಟ್ಟಬೇಕು.

ಅಷ್ಟು ದೂರ ಯಾಕೆ, ನಿರಾಶ್ರಿತರಿಗೆ ನೆಲೆ ಕೊಟ್ಟ ನಮ್ಮ ಸಿಂಧನೂರಿನ ಆರ್‌ಎಚ್ ಕ್ಯಾಂಪ್ ನೋಡು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ಗದ್ದೆ ಮಾಡಿ, ಮಕ್ಕಳನ್ನು ಓದಿಸಿ, ನಮಗಿಂತ ಚೆನ್ನಾಗಿ ನಮ್ಮ ಕಡೆಯ ಕನ್ನಡ ಮಾತಾಡ್ತಾರೆ. ಆದರೂ ನಾವು ಇವತ್ತಿಗೂ 'ಕ್ಯಾಂಪಿನವರು' ಅಂತಲೇ ಅಂತೀವಿ, ಅಲ್ವಾ? ಎಷ್ಟು ವರ್ಷಕ್ಕೆ ಸೆಟಲ್ ಅಂತ ನನ್ನ ಕೇಳಿದರೆ ಏನು ಹೇಳಲಿ.

ಅಜ್ಜ ಈಗ ಕುಂಡದಲ್ಲಿ ಮೆಣಸಿನಗಿಡ ಹಾಕಿದ್ದಾರೆ. ಕಿತ್ತಳೆ ಈ ಚಳಿಗೆ ಬರಲ್ಲ ಅಂತ ಗೊತ್ತಿದ್ದೂ ಒಂದು ಸಸಿ ಅಡುಗೆಮನೆ ಕಿಟಕಿಯಲ್ಲಿಟ್ಟಿದ್ದಾರೆ.

ಆಗಸ್ಟಿನಲ್ಲಿ ಬಾ, ಏರ್‌ಪೋರ್ಟಿಗೆ ನಾನೇ ಬರ್ತೀನಿ. ಬೈಕ್ ಮಾತ್ರ ಈ ವಾರವೇ ಗ್ಯಾರೇಜಿಗೆ ಬಿಡು. ನೀನು ಬಂದ ಮೇಲೆ ನಿಮ್ಮಪ್ಪ ಹೊಲಕ್ಕೆ ಹೋಗೋಕೆ ಬೇಕಾಗುತ್ತೆ.