ಓದುಗರ ಪ್ರಶ್ನೆ: ಸಣ್ಣ ಅನುದಾನ, ಅರ್ಜಿ ಮತ್ತು ಕಲಾವಿದರ ಸಂಭಾವನೆ

ಸ್ಥಳೀಯ ಕಲಾವಿದರಿಗೂ ಸಮುದಾಯದ ಕಲಾಚಟುವಟಿಕೆಗಳಿಗೂ ದೊರೆಯುವ ಸಣ್ಣ ಅನುದಾನಗಳ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಪತ್ರಗಳು ದೀರ್ಘವಾಗಿದ್ದುದರಿಂದ ಅವುಗಳ ಸಾರಾಂಶವನ್ನಷ್ಟೇ ಇಲ್ಲಿ ಕೊಟ್ಟಿದೆ.

ಪ್ರಶ್ನೆ: ನಮ್ಮದು ಎಂಟು ಮಂದಿಯ ಹವ್ಯಾಸಿ ರಂಗತಂಡ. ಮಕ್ಕಳಿಗೆ ನಾಟಕ ಕಲಿಸುತ್ತೇವೆ, ವರ್ಷಕ್ಕೊಂದು ಪ್ರದರ್ಶನ ನೀಡುತ್ತೇವೆ. ಇದುವರೆಗಿನ ಖರ್ಚೆಲ್ಲ ನಮ್ಮ ಕೈಯಿಂದಲೇ ಆಗಿದೆ. ಈಗ ಸಣ್ಣ ಅನುದಾನವೊಂದಕ್ಕೆ ಮೊದಲ ಬಾರಿ ಅರ್ಜಿ ಹಾಕಲು ಕುಳಿತರೆ, 'ಯೋಜನೆಯ ಉದ್ದೇಶ', 'ಸಮುದಾಯಕ್ಕೆ ಆಗುವ ಪ್ರಯೋಜನ' ಎಂಬೆರಡು ಕಡೆ ಲೇಖನಿ ನಿಂತುಬಿಡುತ್ತದೆ. ಏನು ಬರೆಯಬೇಕು?

ಉತ್ತರ: ಬಹಳ ಮಂದಿ ಈ ಎರಡು ಕಡೆಗಳಲ್ಲಿಯೇ ತಮ್ಮ ಕೆಲಸಕ್ಕಿಂತ ದೊಡ್ಡ ಮಾತುಗಳನ್ನು ಬರೆದು ಅರ್ಜಿಯನ್ನು ದುರ್ಬಲಗೊಳಿಸುತ್ತಾರೆ. ಸಂಸ್ಕೃತಿಯ ಉಳಿವು, ಸಮಾಜದ ಪರಿವರ್ತನೆ, ಮಕ್ಕಳ ಸರ್ವಾಂಗೀಣ ವಿಕಾಸ ಎಂಬ ಪದಗಳು ನೂರು ಅರ್ಜಿಗಳಲ್ಲಿ ತೊಂಬತ್ತರಲ್ಲಿ ಇರುವುದರಿಂದ, ಓದುವವರ ಕಣ್ಣು ಅವುಗಳ ಮೇಲೆ ನಿಲ್ಲುವುದೇ ಇಲ್ಲ. ಅದರ ಬದಲು, ನೀವು ಏನು ಮಾಡುತ್ತೀರೋ ಅದನ್ನು ನೆರೆಯವರಿಗೆ ಹೇಳುವಂತೆ ಬರೆಯಿರಿ: 'ಹತ್ತರಿಂದ ಹದಿನಾಲ್ಕು ವರ್ಷದ 20 ಮಕ್ಕಳೊಂದಿಗೆ ಮೂರು ತಿಂಗಳ ಕಾಲ ವಾರಕ್ಕೆರಡು ತಾಲೀಮು ನಡೆಸುತ್ತೇವೆ, ಕೊನೆಯಲ್ಲಿ ಮಕ್ಕಳೇ ಕಟ್ಟಿದ 40 ನಿಮಿಷದ ನಾಟಕವನ್ನು ಎರಡು ಕಡೆ ಆಡುತ್ತೇವೆ.' ಇಷ್ಟು ಓದಿದರೆ ಯಾರು, ಎಷ್ಟು ಮಂದಿ, ಎಷ್ಟು ಕಾಲ, ಕೊನೆಗೆ ಏನು ಎಂಬ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಪ್ರಯೋಜನದ ಬಗ್ಗೆ ಬರೆಯುವಾಗ ಪ್ರೇಕ್ಷಕರ ಸಂಖ್ಯೆಯೊಂದನ್ನೇ ನೆಚ್ಚಿಕೊಳ್ಳಬೇಡಿ. ನಿಮ್ಮ ತಂಡ ಇಲ್ಲದಿದ್ದರೆ ಈ ಮಕ್ಕಳಿಗೆ ರಂಗಭೂಮಿಯ ಪರಿಚಯ ಬೇರೆಲ್ಲಿಂದಲಾದರೂ ಆಗುತ್ತಿತ್ತೇ ಎಂದು ಕೇಳಿಕೊಳ್ಳಿ. ಆಗುತ್ತಿರಲಿಲ್ಲ ಎನ್ನುವುದಾದರೆ ಅದನ್ನೇ ಬರೆಯಿರಿ. ತಾಲೀಮಿಗೆ ಜಾಗ ಕೊಡುವವರಿಂದ ಎರಡು ಸಾಲಿನ ಒಪ್ಪಿಗೆ ಪತ್ರವನ್ನು ಪಡೆದು ಲಗತ್ತಿಸಿದರೆ, ಒಂದು ಪುಟದ ವಿವರಣೆಗಿಂತ ಅದಕ್ಕೆ ಹೆಚ್ಚು ತೂಕ ಬರುತ್ತದೆ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲವಾದರೂ ಹೇಳಬೇಕಾಗಿದೆ. ನಿಮ್ಮ ತಂಡ ನೋಂದಣಿಯಾಗಿದೆಯೇ ಎಂಬುದು ಪತ್ರದಿಂದ ತಿಳಿಯುವುದಿಲ್ಲ. ಅನುದಾನ ಕೊಡುವ ಅನೇಕ ಸಂಸ್ಥೆಗಳು ನೋಂದಾಯಿತ ಸಂಘಗಳಿಗೆ ಮಾತ್ರ ಹಣ ಕೊಡುತ್ತವೆ. ಕೆಲವು ಸಂಸ್ಥೆಗಳು, ನೋಂದಾಯಿತ ಸಂಘವೊಂದು ನಿಮ್ಮ ಪರವಾಗಿ ಹಣ ಪಡೆದು ಲೆಕ್ಕ ಒಪ್ಪಿಸುವುದಕ್ಕೆ ಅವಕಾಶ ನೀಡುತ್ತವೆ. ಅಂಥ ಏರ್ಪಾಡು ಮಾಡಿಕೊಳ್ಳುವಾಗ, ಆ ಸಂಘ ತನ್ನ ಕೆಲಸಕ್ಕಾಗಿ ಎಷ್ಟು ಪಾಲು ಇಟ್ಟುಕೊಳ್ಳುತ್ತದೆ ಮತ್ತು ಹಣ ಕೈಸೇರಿದ ಎಷ್ಟು ದಿನಗಳಲ್ಲಿ ನಿಮಗೆ ಕೊಡುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಸ್ನೇಹವಿದೆ ಎಂದು ಈ ಕಾಗದವನ್ನು ಬಿಟ್ಟರೆ ಸ್ನೇಹವೂ ಉಳಿಯುವುದು ಕಷ್ಟ.

ಪ್ರಶ್ನೆ: ನಾನು ಭಿತ್ತಿಚಿತ್ರ ಬಿಡಿಸುವವಳು. ಸಾರ್ವಜನಿಕ ಗೋಡೆಯೊಂದರ ಮೇಲೆ ಆ ಬಡಾವಣೆಯ ಹಿರಿಯರ ನೆನಪುಗಳನ್ನು ಚಿತ್ರಿಸುವ ಯೋಜನೆಗೆ ಅರ್ಜಿ ಸಿದ್ಧಪಡಿಸುತ್ತಿದ್ದೇನೆ. ಬಣ್ಣ, ಅಟ್ಟಣಿಗೆ, ಸಾಗಣೆ ಎಲ್ಲವನ್ನೂ ಬಜೆಟ್ಟಿನಲ್ಲಿ ಬರೆದೆ. ನನ್ನ ಸಂಭಾವನೆಯನ್ನು ಬರೆಯುವಾಗ ಸಂಕೋಚವಾಯಿತು. ಸಮುದಾಯದ ಕೆಲಸಕ್ಕೆ ಕೂಲಿ ಕೇಳಿದರೆ ಅರ್ಜಿ ತಿರಸ್ಕೃತವಾಗುವುದೇ?

ಉತ್ತರ: ದಯವಿಟ್ಟು ಬರೆಯಿರಿ, ಮತ್ತು ಬಜೆಟ್ಟಿನ ಮೊದಲ ಸಾಲಿನಲ್ಲಿಯೇ ಬರೆಯಿರಿ. ಬಣ್ಣದ ಅಂಗಡಿಯವರಿಗೂ ಅಟ್ಟಣಿಗೆ ಕಟ್ಟುವವರಿಗೂ ಹಣ ಕೊಡುವುದು ಸಹಜವೆಂದು ತೋರುವಾಗ, ಗೋಡೆಯ ಮುಂದೆ ದಿನವಿಡೀ ನಿಂತು ದುಡಿಯುವವರ ಪಾಲು ಮಾತ್ರ ದಾನವಾಗಬೇಕೆಂಬ ಭಾವನೆ ನಮ್ಮಲ್ಲಿ ಬಹಳ ಆಳವಾಗಿ ಬೇರೂರಿದೆ. ಈ ಭಾವನೆಯಿಂದಾಗಿ, ಮನೆಯಲ್ಲಿ ಬೇರೆ ವರಮಾನ ಇರುವವರಷ್ಟೇ ಸಮುದಾಯದ ಕಲೆಯಲ್ಲಿ ಉಳಿಯುತ್ತಾರೆ. ದುಡಿದೇ ಬದುಕಬೇಕಾದವರು ಒಂದೆರಡು ಯೋಜನೆಗಳ ನಂತರ ಸದ್ದಿಲ್ಲದೆ ದೂರ ಸರಿಯುತ್ತಾರೆ. ನಿಮ್ಮ ಪ್ರಶ್ನೆ ನನಗೆ ಈ ಐದರಲ್ಲಿ ಅತಿ ಮುಖ್ಯವಾಗಿ ಕಂಡಿರುವುದು ಈ ಕಾರಣಕ್ಕೆ.

ಕಲಾವಿದರ ದುಡಿಮೆಯನ್ನು ದುಡಿಮೆಯೆಂದೇ ಪರಿಗಣಿಸಬೇಕೆಂಬ ವಾದ ಹೊಸದೇನಲ್ಲ. ಕೆನಡಾದಲ್ಲಿ 1968ರಲ್ಲಿ ಚಿತ್ರಕಲಾವಿದ ಜ್ಯಾಕ್ ಚೇಂಬರ್ಸ್ ಮತ್ತು ಅವರ ಜೊತೆಗಾರರು ಕಟ್ಟಿದ ಕಲಾವಿದರ ಸಂಘಟನೆಯಾದ ಕಾರ್‌ಫ್ಯಾಕ್, ಕೃತಿಗಳನ್ನು ಪ್ರದರ್ಶಿಸುವ ಗ್ಯಾಲರಿಗಳು ಕಲಾವಿದರಿಗೆ ಶುಲ್ಕ ಕೊಡಬೇಕೆಂದು ಒತ್ತಾಯಿಸಿತು. 1975ರ ಹೊತ್ತಿಗೆ ಅಲ್ಲಿ ಪ್ರದರ್ಶನ ಶುಲ್ಕ ಜಾರಿಗೆ ಬಂದಿತು. ಅದೇ ಸಂಘಟನೆ ಕನಿಷ್ಠ ಶುಲ್ಕಗಳ ಪಟ್ಟಿಯನ್ನು ಇಂದಿಗೂ ಪ್ರಕಟಿಸುತ್ತದೆ. ನ್ಯೂಯಾರ್ಕಿನಲ್ಲಿ 2008ರಲ್ಲಿ ಆರಂಭವಾದ ವೇಜ್ ಎಂಬ ಕಲಾವಿದರ ಗುಂಪು ಇದೇ ಬೇಡಿಕೆಯನ್ನು ಕಲಾಸಂಸ್ಥೆಗಳ ಮುಂದಿಟ್ಟಿತು. ಅದಕ್ಕೂ ಬಹಳ ಹಿಂದೆ, ಆರ್ಥಿಕ ಕುಸಿತದ ದಿನಗಳಲ್ಲಿ, ಅಮೆರಿಕ ಸರ್ಕಾರ 1935ರಿಂದ 1943ರವರೆಗೆ ನಡೆಸಿದ ಫೆಡರಲ್ ಆರ್ಟ್ ಪ್ರಾಜೆಕ್ಟ್ ಕಲಾವಿದರಿಗೆ ಬಹುಮಾನಗಳನ್ನು ಹಂಚದೆ ವಾರದ ಸಂಬಳವನ್ನು ಕೊಟ್ಟಿತು. ಗೋಡೆಗಳ ಮೇಲೆ ಚಿತ್ರ ಬರೆದವರು, ಸಮುದಾಯ ಕಲಾಕೇಂದ್ರಗಳಲ್ಲಿ ಮಕ್ಕಳಿಗೆ ಕಲಿಸಿದವರು ಎಲ್ಲರೂ ಅದರ ಸಂಬಳಪಟ್ಟಿಯಲ್ಲಿದ್ದರು. ಅಂಥ ಕೇಂದ್ರಗಳಲ್ಲೊಂದಾದ, ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಸಮುದಾಯ ಕಲಾಕೇಂದ್ರಕ್ಕೆ ಮೊದಲ ನಿರ್ದೇಶಕಿಯಾಗಿದ್ದವರು ಶಿಲ್ಪಿ ಆಗಸ್ಟಾ ಸ್ಯಾವೇಜ್.

ಇನ್ನು ಲೆಕ್ಕ. ಬಣ್ಣ ಹಚ್ಚುವ ದಿನಗಳನ್ನು ಮಾತ್ರ ಎಣಿಸಬೇಡಿ. ಹಿರಿಯರೊಂದಿಗೆ ಕುಳಿತು ನೆನಪುಗಳನ್ನು ಕೇಳಿ ದಾಖಲಿಸುವುದಕ್ಕೆ ಬೇಕಾಗುವ ದಿನಗಳು, ಕರಡು ಚಿತ್ರವನ್ನು ಅವರಿಗೆ ತೋರಿಸಿ ತಿದ್ದುವ ದಿನಗಳು, ಗೋಡೆ ಕೆರೆದು ಪ್ರೈಮರ್ ಹಚ್ಚಿ ಒಣಗಲು ಬಿಡುವ ಅವಧಿ, ಮಳೆಯಿಂದ ನಿಲ್ಲಬಹುದಾದ ಕೆಲಸ, ಕೊನೆಯ ರಕ್ಷಣಾ ಲೇಪನ, ಆಮೇಲಿನ ವರದಿ ಮತ್ತು ಛಾಯಾಚಿತ್ರ ಇವೆಲ್ಲವೂ ನಿಮ್ಮ ದುಡಿಮೆಯೇ. ದಿನಗಳ ಮೊತ್ತವನ್ನು ನಿಮ್ಮ ದಿನಗೂಲಿಯಿಂದ ಗುಣಿಸಿ, ಲೆಕ್ಕವನ್ನು ಸಮಿತಿಗೆ ಕಾಣುವಂತೆ ಬಿಡಿಸಿ ಬರೆಯಿರಿ. 'ಕಲಾವಿದೆಯ ಸಂಭಾವನೆ' ಎಂದು ಒಂದು ಮೊತ್ತವನ್ನಷ್ಟೇ ನಮೂದಿಸಿದರೆ ಅದು ಕಣ್ಣಿಗೆ ಹೆಚ್ಚೆನಿಸುತ್ತದೆ. '26 ದಿನಗಳ ಕೆಲಸ' ಎಂದು ವಿಂಗಡಿಸಿ ತೋರಿಸಿದರೆ ಅದೇ ಮೊತ್ತ ನ್ಯಾಯವಾಗಿ ಕಾಣುತ್ತದೆ. ಅನಿರೀಕ್ಷಿತ ಖರ್ಚಿಗೆ ಒಟ್ಟು ಮೊತ್ತದ ಶೇಕಡ 5ರಿಂದ 10ರಷ್ಟನ್ನು ಬೇರೆಯಾಗಿ ಇಡುವುದು ವಾಡಿಕೆ.

ಒಟ್ಟು ವೆಚ್ಚ ಅನುದಾನದ ಮಿತಿಯನ್ನು ಮೀರಿದರೆ, ಸಂಭಾವನೆಗೆ ಕತ್ತರಿ ಹಾಕಬೇಡಿ. ಗೋಡೆಯ ಅಳತೆಯನ್ನು ಕಡಿಮೆ ಮಾಡಿ. ಪೂರ್ಣ ಗೋಡೆಯೇ ಬೇಕೆಂದು ನಿಮಗೆ ಅನಿಸಿ, ಒಂದಷ್ಟು ದಿನ ಉಚಿತವಾಗಿ ದುಡಿಯಲು ನೀವು ಒಪ್ಪುವುದಾದರೆ, ಆ ದಿನಗಳ ಬೆಲೆಯನ್ನು 'ಅರ್ಜಿದಾರರ ಕೊಡುಗೆ' ಎಂದು ಬಜೆಟ್ಟಿನ ಆದಾಯದ ಭಾಗದಲ್ಲಿ ತೋರಿಸಿ, ಖರ್ಚಿನ ಭಾಗದಲ್ಲಿ ಪೂರ್ತಿ ಸಂಭಾವನೆಯನ್ನೇ ಬರೆಯಿರಿ. ಕೊಟ್ಟದ್ದು ಲೆಕ್ಕದಲ್ಲಿ ಕಾಣದೇ ಹೋದರೆ, ಮುಂದಿನ ವರ್ಷ ಆ ಗೋಡೆಗೆ ಬರುವ ಬೇರೊಬ್ಬ ಕಲಾವಿದರಿಂದಲೂ ಅಷ್ಟೇ ಕಡಿಮೆ ಹಣದಲ್ಲಿ ಕೆಲಸವನ್ನು ನಿರೀಕ್ಷಿಸುತ್ತಾರೆ. ಕೆಲವು ಅನುದಾನಗಳ ನಿಯಮದಲ್ಲಿ ಅರ್ಜಿದಾರರು ಸಂಭಾವನೆ ಪಡೆಯಬಾರದೆಂದೇ ಇರುತ್ತದೆ. ಅಂಥ ಅನುದಾನ ನಿಮಗೆ ಬೇಕೇ ಎಂಬುದನ್ನು ನೀವೇ ತೀರ್ಮಾನಿಸಬೇಕು. ನನ್ನ ಸಲಹೆ ಕೇಳುವುದಾದರೆ, ಬೇಡ.

ಪ್ರಶ್ನೆ: ಎರಡು ವರ್ಷ ಸತತವಾಗಿ ಅರ್ಜಿ ಹಾಕಿದೆ, ಎರಡು ಸಲವೂ ತಿರಸ್ಕರಿಸಿದರು. ಕಾರಣ ತಿಳಿಸಲಿಲ್ಲ. ನನ್ನ ಸಂಗೀತದಲ್ಲಿಯೇ ಕೊರತೆ ಇದೆಯೇ ಎಂಬ ಅನುಮಾನ ಕಾಡುತ್ತಿದೆ.

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ತಿರಸ್ಕಾರದ ಪತ್ರವನ್ನು ನಿಮ್ಮ ಸಂಗೀತದ ವಿಮರ್ಶೆಯೆಂದು ಓದಬೇಡಿ. ಹಣ ಹತ್ತು ಮಂದಿಗೆ ಸಾಕಾಗುವಷ್ಟಿದ್ದು ಅರ್ಹ ಅರ್ಜಿಗಳು ನಲವತ್ತು ಬಂದಾಗ, ಹತ್ತನೆಯವರಿಗೂ ಹನ್ನೊಂದನೆಯವರಿಗೂ ನಡುವೆ ಇರುವ ಅಂತರ ಅರ್ಧ ಅಂಕದ್ದಾಗಿರಬಹುದು. ಸಮಿತಿಯಲ್ಲಿ ಬೇರೊಬ್ಬರು ಕುಳಿತಿದ್ದರೆ ಅದೇ ಅಂಕ ತಿರುಗುಮುರುಗಾಗುತ್ತಿತ್ತು. ಐರ್ಲೆಂಡ್ ಸರ್ಕಾರ 2022ರಲ್ಲಿ ಪ್ರಾಯೋಗಿಕವಾಗಿ 2000 ಕಲಾವಿದರಿಗೆ ವಾರಕ್ಕೆ 325 ಯೂರೋಗಳಂತೆ ಮೂಲ ಆದಾಯ ಕೊಡಲು ತೊಡಗಿದಾಗ, ಅರ್ಹರೆಂದು ಕಂಡುಬಂದವರ ನಡುವೆ ಯಾರು ಶ್ರೇಷ್ಠರು ಎಂದು ಅಳೆಯದೆ, ಯಾದೃಚ್ಛಿಕ ಆಯ್ಕೆಯ ಮೂಲಕ ಹೆಸರುಗಳನ್ನು ಆರಿಸಿತು. ಕಲೆಯನ್ನು ಅಂಕಗಳಲ್ಲಿ ಅಳೆಯುವುದಕ್ಕೆ ಒಂದು ಮಿತಿಯಿದೆ ಎಂಬುದನ್ನು ಒಪ್ಪಿಕೊಂಡ ಕ್ರಮವೆಂದು ನಾನು ಅದನ್ನು ಗೌರವಿಸುತ್ತೇನೆ.

ಸಂಸ್ಥೆಗೆ ಪತ್ರ ಬರೆದು, ಸಮಿತಿಯ ಅಭಿಪ್ರಾಯವನ್ನು ಸಂಕ್ಷೇಪವಾಗಿಯಾದರೂ ತಿಳಿಸುವಂತೆ ವಿನಯದಿಂದ ಕೇಳಿ. ಉತ್ತರ ಬಾರದಿದ್ದರೆ, ಹಿಂದೆ ಅನುದಾನ ಪಡೆದವರಲ್ಲಿ ಒಬ್ಬರನ್ನು ಭೇಟಿಯಾಗಿ ಅವರ ಅರ್ಜಿಯನ್ನು ಓದಲು ಕೇಳಿಕೊಳ್ಳಿ. ಕಲಾವಿದರು ಇಂಥ ವಿಷಯದಲ್ಲಿ ಸಾಮಾನ್ಯವಾಗಿ ಉದಾರಿಗಳು. ನಿಮ್ಮ ಅರ್ಜಿಯೊಂದಿಗೆ ಕಳಿಸಿದ ಧ್ವನಿಮುದ್ರಣವನ್ನೂ ಮತ್ತೊಮ್ಮೆ ಕೇಳಿ ನೋಡಿ. ಸಮಿತಿಯವರು ಮೊದಲ ಎರಡು ನಿಮಿಷ ಕೇಳಿ ಮುಂದಿನ ಅರ್ಜಿಗೆ ಹೋಗುವ ಸಂಭವ ಹೆಚ್ಚಾದ್ದರಿಂದ, ನಿಮ್ಮ ಅತ್ಯುತ್ತಮ ಭಾಗ ಹನ್ನೆರಡನೆಯ ನಿಮಿಷದಲ್ಲಿದ್ದರೆ ಅದನ್ನು ಯಾರೂ ಕೇಳಿರಲಾರರು. ಹೇಳುವ ರೀತಿಯನ್ನು ತಿದ್ದಿಕೊಳ್ಳಿ. ಸಮಿತಿಗೆ ಇಷ್ಟವಾಗಲೆಂದು ಹಾಡುವುದನ್ನೇ ಬದಲಿಸಬೇಡಿ.

ಪ್ರಶ್ನೆ: ನಮಗೆ ಮಂಜೂರಾದ ಅನುದಾನದ ಹಣ, ಕಾರ್ಯಕ್ರಮ ಮುಗಿದು ಬಿಲ್ಲುಗಳನ್ನು ಸಲ್ಲಿಸಿದ ಮೇಲಷ್ಟೇ ಬರುತ್ತದಂತೆ. ಅಲ್ಲಿಯವರೆಗೆ ಖರ್ಚಿಗೆ ಏನು ಮಾಡುವುದು?

ಉತ್ತರ: ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ, ಹಣವನ್ನು ಎರಡು ಅಥವಾ ಮೂರು ಕಂತುಗಳಲ್ಲಿ ಕೊಡಲು ಸಾಧ್ಯವೇ ಎಂದು ಲಿಖಿತವಾಗಿ ಕೇಳಿ, ಕೇಳಿದವರಿಗೆ ಮಾತ್ರ ಮುಂಗಡ ಕೊಡುವ ಸಂಸ್ಥೆಗಳೂ ಇರುತ್ತವೆ. ಒಪ್ಪದಿದ್ದರೆ, ಕೆಲಸ ಮುಗಿದ ಮೇಲೆ ಹಣ ಪಡೆಯಲು ಸಿದ್ಧರಿರುವ ಧ್ವನಿವ್ಯವಸ್ಥೆಯವರು, ಮುದ್ರಕರು ಸಿಗುತ್ತಾರೆಯೇ ನೋಡಿ. ಬಡ್ಡಿಗೆ ಸಾಲ ತರಬೇಡಿ, ಏಕೆಂದರೆ ಬಡ್ಡಿಯನ್ನು ಸಾಮಾನ್ಯವಾಗಿ ಯಾವ ಅನುದಾನವೂ ಭರಿಸುವುದಿಲ್ಲ. ಖರ್ಚು ಮಾಡಿದ ದಿನವೇ ರಸೀದಿಯನ್ನು ಫೈಲಿಗೆ ಸೇರಿಸಿ. ವಾದ್ಯಗಾರರಿಗೆ, ಸಹಾಯಕರಿಗೆ ನಗದು ಕೊಟ್ಟಿದ್ದರೆ ದಿನಾಂಕ ಮತ್ತು ಕೆಲಸದ ವಿವರವಿರುವ ವೋಚರಿಗೆ ಆಗಲೇ ಸಹಿ ಪಡೆಯಿರಿ.

ಪ್ರಶ್ನೆ: ನಮ್ಮ ನಿವಾಸಿಗಳ ಸಂಘದ ಬಳಿ ಪ್ರತಿವರ್ಷ ಸ್ವಲ್ಪ ಹಣ ಉಳಿಯುತ್ತದೆ. ಅದನ್ನು ಸ್ಥಳೀಯ ಕಲಾವಿದರಿಗೆ ಸಣ್ಣ ಅನುದಾನಗಳಾಗಿ ಕೊಡಬೇಕೆಂದಿದ್ದೇವೆ. ಇಷ್ಟು ಸಣ್ಣ ಮೊತ್ತದಿಂದ ಉಪಯೋಗವಾಗುತ್ತದೆಯೇ? ಹೇಗೆ ನಡೆಸಬೇಕು?

ಉತ್ತರ: ಕೊಡುವವರ ಕಡೆಯಿಂದ ಬಂದ ಪತ್ರ ಇದೊಂದೇ, ಓದಿ ಬಹಳ ಸಂತೋಷವಾಯಿತು. ಮೊತ್ತ ಸಣ್ಣದೆಂದು ಹಿಂಜರಿಯಬೇಡಿ. ಬೋಸ್ಟನ್ನಿನಲ್ಲಿ 2009ರಲ್ಲಿ ಆರಂಭವಾದ ಆಸಮ್ ಫೌಂಡೇಷನ್ನಿನ ಕ್ರಮ ತೀರಾ ಸರಳವಾದದ್ದು: ಹತ್ತು ಮಂದಿ ತಲಾ 100 ಡಾಲರ್ ಹಾಕಿ, ತಿಂಗಳಿಗೊಂದು ಯೋಜನೆಗೆ 1000 ಡಾಲರ್‌ಗಳನ್ನು ಯಾವ ಷರತ್ತೂ ಇಲ್ಲದೆ ಕೊಡುವುದು. ಈ ಮಾದರಿ ಆಮೇಲೆ ಬೇರೆ ಬೇರೆ ದೇಶಗಳ ನಗರಗಳಿಗೆ ಹಬ್ಬಿತು. ನ್ಯೂಜಿಲೆಂಡಿನಲ್ಲಿ ರಾಷ್ಟ್ರೀಯ ಕಲಾ ಸಂಸ್ಥೆಯು ಸಮುದಾಯದ ಕಲೆಗಾಗಿ ನಗರ ಮತ್ತು ಜಿಲ್ಲಾ ಮಂಡಳಿಗಳಿಗೆ ಹಣ ಹಂಚುತ್ತದೆ, ಯಾರಿಗೆ ಕೊಡಬೇಕೆಂಬುದನ್ನು ಅಲ್ಲಲ್ಲಿನ ಸಮಿತಿಗಳು ನಿರ್ಧರಿಸುತ್ತವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿಯೂ ಸ್ವಯಂಸೇವಕರೇ ಕುಳಿತು ತೀರ್ಮಾನಿಸುವ ಇಂಥ 300ಕ್ಕೂ ಹೆಚ್ಚು ಸ್ಥಳೀಯ ಮಂಡಳಿಗಳಿವೆ. ದೂರದ ಕಚೇರಿಗೆ ಕಾಣದ ಕಲಾವಿದರು ಪಕ್ಕದ ಬೀದಿಯವರಿಗೆ ಕಾಣುತ್ತಾರೆ ಎಂಬುದೇ ಈ ಏರ್ಪಾಡುಗಳ ಬಲ.

ಮೊದಲು ತೀರ್ಮಾನಿಸಬೇಕಾದದ್ದು, ಹಣ ಯಾರಿಗಾಗಿ ಎಂಬುದು. ಬ್ರಿಟನ್ನಿನಲ್ಲಿ 1940ರಲ್ಲಿ, ಯುದ್ಧದ ನಡುವೆ, ಪಿಲ್‌ಗ್ರಿಮ್ ಟ್ರಸ್ಟ್ ಕೊಟ್ಟ 25,000 ಪೌಂಡುಗಳಿಂದ ಆರಂಭವಾದ ಕಲಾಪ್ರೋತ್ಸಾಹ ಮಂಡಳಿಯು ಮೊದಲಲ್ಲಿ ಹವ್ಯಾಸಿ ಗಾಯಕರಿಗೂ ರಂಗತಂಡಗಳಿಗೂ ಒತ್ತಾಸೆಯಾಗಿ ನಿಂತಿತ್ತು. 1942ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅದರ ಅಧ್ಯಕ್ಷರಾದ ಮೇಲೆ ಒಲವು ವೃತ್ತಿಪರರ ಕಡೆಗೆ, ಗುಣಮಟ್ಟದ ಕಡೆಗೆ ತಿರುಗಿತು. 1946ರಲ್ಲಿ ಅದೇ ಆರ್ಟ್ಸ್ ಕೌನ್ಸಿಲ್ ಆಯಿತು. ಎರಡೂ ದಾರಿಗಳಿಗೆ ಸಮರ್ಥನೆಯಿದೆ, ಆದರೆ ಯಾವುದೆಂದು ಹೇಳದೆ ಅರ್ಜಿ ಕರೆದರೆ ಎರಡೂ ಬಗೆಯವರಿಗೆ ಅನ್ಯಾಯವಾಗುತ್ತದೆ. ನಿಮ್ಮಷ್ಟು ಸಣ್ಣ ನಿಧಿಗೆ, ಮೊದಲ ಬಾರಿ ಅರ್ಜಿ ಹಾಕುವವರನ್ನು ಆರಿಸಿಕೊಳ್ಳುವುದು ಸೂಕ್ತವೆಂದು ನನಗೆ ತೋರುತ್ತದೆ.

ಅರ್ಜಿ ಎರಡು ಪುಟ ಮೀರದಿರಲಿ. ಬರವಣಿಗೆ ರೂಢಿಯಿಲ್ಲದ ಕಲಾವಿದರಿಗೆ ಬಾಯಿಮಾತಿನಲ್ಲಿ ಹೇಳಿ ಧ್ವನಿಮುದ್ರಣ ಕಳಿಸುವ ಅವಕಾಶ ಕೊಡಿ. ಇದೊಂದನ್ನು ಮಾಡಿದರೆ ಬರುವ ಅರ್ಜಿಗಳ ಬಗೆಯೇ ಬದಲಾಗುತ್ತದೆ. ಆಯ್ಕೆ ಸಮಿತಿಯಲ್ಲಿ ಸಂಘದವರಷ್ಟೇ ಅಲ್ಲದೆ ಒಬ್ಬಿಬ್ಬರು ಕಲಾವಿದರೂ ಇರಲಿ, ಬಂಧುಗಳ ಅಥವಾ ಶಿಷ್ಯರ ಅರ್ಜಿ ಬಂದಾಗ ಆ ಸದಸ್ಯರು ಹೊರಗೆ ಕೂರಲಿ. ಹಣ ಕೊಟ್ಟ ಮೇಲೆ ನಾಟಕದಲ್ಲಿ ಏನಿರಬೇಕು, ಗೋಡೆಯ ಮೇಲೆ ಯಾರ ಮುಖ ಬರಬೇಕು ಎಂದು ಹೇಳಲು ಹೋಗಬೇಡಿ.

ಲೆಕ್ಕ ಕೇಳುವುದರಲ್ಲಿಯೂ ಹದವಿರಲಿ. ಬ್ರೆಜಿಲ್ಲಿನಲ್ಲಿ ಸಂಗೀತಗಾರ ಜಿಲ್‌ಬರ್ಟೊ ಜಿಲ್ ಸಂಸ್ಕೃತಿ ಸಚಿವರಾಗಿದ್ದಾಗ, 2004ರಲ್ಲಿ, 'ಸಂಸ್ಕೃತಿ ಕೇಂದ್ರಬಿಂದು'ಗಳೆಂಬ ಯೋಜನೆ ಆರಂಭವಾಯಿತು. ಹೊಸ ಕಟ್ಟಡಗಳನ್ನು ಕಟ್ಟದೆ, ಆಗಲೇ ಕೆಲಸ ಮಾಡುತ್ತಿದ್ದ ಸಮುದಾಯದ ಗುಂಪುಗಳನ್ನು ಗುರುತಿಸಿ ಹಣ ಕೊಡುವುದು ಅದರ ವಿಚಾರ. ಆದರೆ ದೊಡ್ಡ ಸಂಸ್ಥೆಗಳಿಗೆಂದು ರೂಪಿಸಿದ ಲೆಕ್ಕಪತ್ರದ ನಿಯಮಗಳು ಈ ಸಣ್ಣ ಗುಂಪುಗಳ ಮೇಲೂ ಬಿದ್ದು, ಅನೇಕರು ಕಾಗದಪತ್ರಗಳಲ್ಲಿಯೇ ಸೋತರು. 2014ರ ಕಾನೂನು ಆ ಕ್ರಮವನ್ನು ಸರಳಗೊಳಿಸಬೇಕಾಯಿತು. ನಿಮಗೆ ಒಂದು ಪುಟದ ವರದಿ, ಖರ್ಚಿನ ಪಟ್ಟಿ, ನಾಲ್ಕು ಛಾಯಾಚಿತ್ರ ಸಾಕು. ಯಾರಿಗೆ ಎಷ್ಟು ಕೊಟ್ಟಿರಿ ಎಂಬುದನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿ.

ಮೊದಲ ವರ್ಷ ಎರಡು ಅಥವಾ ಮೂರು ಅನುದಾನಗಳನ್ನಷ್ಟೇ ಕೊಡಿ. ಬಹಳ ಮಂದಿಗೆ ಚೂರುಚೂರಾಗಿ ಹಂಚಿದರೆ ಎಲ್ಲರಿಗೂ ಸಾಮಗ್ರಿಯ ಖರ್ಚು ಮಾತ್ರ ಹೊರಟು, ಮೇಲಿನ ಪತ್ರದ ಕಲಾವಿದೆಯಂತೆ ಪ್ರತಿಯೊಬ್ಬರೂ ತಮ್ಮ ಕೂಲಿಯನ್ನು ಬಿಟ್ಟುಕೊಡಬೇಕಾಗುತ್ತದೆ. ಅರ್ಜಿ ನಮೂನೆಯ ಬಜೆಟ್ಟಿನಲ್ಲಿ 'ಕಲಾವಿದರ ಸಂಭಾವನೆ' ಎಂಬ ಸಾಲನ್ನು ನೀವೇ ಮೊದಲು ಮುದ್ರಿಸಿ, ಕಾರ್ಯಕ್ರಮಕ್ಕೆ ಮುಂಚೆಯೇ ಹಣದ ಹೆಚ್ಚಿನ ಭಾಗವನ್ನು ಕೊಟ್ಟುಬಿಡಿ. ಆಯ್ಕೆಯಾಗದವರಿಗೆ ಸಮಿತಿಯ ಒಬ್ಬ ಸದಸ್ಯರು ದೂರವಾಣಿ ಮಾಡಿ ಕಾರಣವನ್ನು ನೇರವಾಗಿ ತಿಳಿಸಲಿ.