ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಹೇಗಿದೆ? ಅಲ್ಲಿ ಮಾಸ್ಟರ್ಸ್ ಮಾಡಬಹುದಾ?

"ಊರು ತೀರಾ ಚಿಕ್ಕದು, ಹೆಸರೇ ಕೇಳಿಲ್ಲ, ಮ್ಯೂನಿಕ್ ಬಿಟ್ಟು ಅಲ್ಲಿಗೆ ಯಾಕೆ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ" ಅಂತ ಬರೆದಿದ್ದೀರಿ. ನಾನು ಅಲ್ಲೇ ಓದಿದವನು. ಮೊದಲೇ ಹೇಳಿಬಿಡುತ್ತೇನೆ: ನಿಮ್ಮದು ಮೆಕ್ಯಾನಿಕಲ್ಲೋ ಸಿವಿಲ್ಲೋ ಆಗಿದ್ದರೆ ಅರ್ಜಿ ಹಾಕುವ ಗೋಜಿಗೇ ಹೋಗಬೇಡಿ, ಆ ವಿಭಾಗಗಳೇ ಅಲ್ಲಿಲ್ಲ. ಮಶೀನ್ ಲರ್ನಿಂಗ್, ನರವಿಜ್ಞಾನ, ತತ್ವಶಾಸ್ತ್ರ, ಭಾಷೆಗಳು ಅಂದರೆ ಕಣ್ಣುಮುಚ್ಚಿ ಹಾಕಿ.

ಈ ವಿಶ್ವವಿದ್ಯಾಲಯ ಶುರುವಾಗಿದ್ದು 1477ರಲ್ಲಿ, ಉದ್ದ ಗಡ್ಡದ ಎಬರ್‌ಹಾರ್ಡ್ ಎಂಬ ಕೌಂಟ್‌ನಿಂದ, ಅಂದರೆ ಆ ಸೀಮೆಯ ಅರಸನಿಂದ. ಅವನನ್ನು ಹೊಗಳುವವರು ಒಂದು ಸಂಗತಿ ಬಿಟ್ಟುಬಿಡುತ್ತಾರೆ: ಅದೇ ಹೊತ್ತಿಗೆ ಊರಲ್ಲಿದ್ದ ಯಹೂದಿಗಳನ್ನು ಹೊರಹಾಕಿಸಿದವನೂ ಅವನೇ. ನಾಜಿ ಕಾಲದಲ್ಲಿ ಮರಣದಂಡನೆಗೆ ಗುರಿಯಾದವರ ದೇಹಗಳು ಇಲ್ಲಿನ ಅನಾಟಮಿ ವಿಭಾಗಕ್ಕೆ ಬರುತ್ತಿದ್ದವು. ಅವರನ್ನು ಹೂತ ಜಾಗ ಊರಿನ ಸ್ಮಶಾನದಲ್ಲಿದೆ, ಹೋದಾಗ ನೋಡಿ.

ಗ್ರಹಗಳ ಲೆಕ್ಕ ಬಿಡಿಸಿದ ಕೆಪ್ಲರ್ ಇಲ್ಲಿ ಓದಿದವನು. ತತ್ವಜ್ಞಾನಿಗಳಾದ ಹೆಗೆಲ್, ಶೆಲಿಂಗ್, ಕವಿ ಹೋಲ್ಡರ್‌ಲಿನ್ ಇಲ್ಲಿನ ಥಿಯಾಲಜಿ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ಗಳು. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗುಡ್ಡದ ಮೇಲಿನ ಕೋಟೆಯ ಅಡುಗೆಮನೆ. 19ನೇ ಶತಮಾನದಲ್ಲಿ ಅದು ರಸಾಯನಶಾಸ್ತ್ರದ ಲ್ಯಾಬ್ ಆಗಿತ್ತು. 1869ರಲ್ಲಿ ಮೀಷರ್ ಎಂಬ ಸ್ವಿಸ್ ಯುವಕ ಆಸ್ಪತ್ರೆಯಿಂದ ಗಾಯದ ಬ್ಯಾಂಡೇಜ್‌ಗಳನ್ನು ತರಿಸಿ, ಅದರಲ್ಲಿನ ಕೀವು ತೊಳೆದು, ಜೀವಕೋಶದ ಕೇಂದ್ರದಿಂದ ಒಂದು ಹೊಸ ವಸ್ತು ಬೇರ್ಪಡಿಸಿದ. ನಾವು ಈಗ ಡಿಎನ್‌ಎ ಅನ್ನುವುದು ಅದನ್ನೇ. ಈಗ ಅಲ್ಲಿ ಮ್ಯೂಸಿಯಂ ಇದೆ. ಅದೇ ವಸ್ತು ಇರುವ, ಅವನ ಕಾಲದ ಪುಟ್ಟ ಗಾಜಿನ ಸೀಸೆಯೊಂದನ್ನೂ ವಿಶ್ವವಿದ್ಯಾಲಯ ಜೋಪಾನ ಮಾಡಿದೆ. ಸಾಲ್ಮನ್ ಮೀನಿನ ವೀರ್ಯದಿಂದ ತೆಗೆದದ್ದು ಅಂತ ಅದರ ಚೀಟಿಯಲ್ಲೇ ಬರೆದಿದೆ.

ಇನ್ನು "ಹೆಸರೇ ಕೇಳಿಲ್ಲ" ಅನ್ನುವ ಮನೆಯವರಿಗೆ ಇದನ್ನು ಹೇಳಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ತಂದ ಮೋಗ್ಲಿಂಗ್ ಓದಿದ್ದು ಇಲ್ಲೇ. ಅವರ ಕನ್ನಡದ ಕೆಲಸಕ್ಕೆ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿದ್ದೂ ಇದೇ ವಿಶ್ವವಿದ್ಯಾಲಯ. ನಿಘಂಟಿನ ಕಿಟೆಲ್ ಅವರಿಗೂ 1896ರಲ್ಲಿ ಡಾಕ್ಟರೇಟ್ ಸಿಕ್ಕಿದ್ದು ಇಲ್ಲಿಂದ. ಅವರು 1903ರಲ್ಲಿ ತೀರಿಕೊಂಡದ್ದು ಈ ಊರಲ್ಲೇ. ಕನ್ನಡಕ್ಕಾಗಿ ದುಡಿದ ಇಬ್ಬರನ್ನು ಗುರುತಿಸಿದ ವಿಶ್ವವಿದ್ಯಾಲಯ ನಮಗೆ ಅಪರಿಚಿತ ಅನ್ನುವುದೇ ತಮಾಷೆ.

ಓದಿನ ವಿಷಯ. ಕ್ಯಾಂಪಸ್ ಅಂತ ಗೇಟು, ಕಾಂಪೌಂಡು ಏನಿಲ್ಲ, ಊರೇ ಕ್ಯಾಂಪಸ್ಸು. ವಿಜ್ಞಾನ ವಿಭಾಗಗಳು ಒಂದು ಗುಡ್ಡದ ಮೇಲೆ, ಆಸ್ಪತ್ರೆ ಇನ್ನೊಂದರ ಮೇಲೆ. ಟೈಮ್‌ಟೇಬಲ್‌ನಲ್ಲಿ 10ರ ಪಕ್ಕ 'ಸಿ.ಟಿ.' ಅಂತಿದ್ದರೆ ಕ್ಲಾಸು ಶುರುವಾಗುವುದು ಹತ್ತೂಕಾಲಿಗೆ, 'ಎಸ್.ಟಿ.' ಅಂತಿದ್ದರೆ ಹತ್ತು ಅಂದರೆ ಹತ್ತು. ಲೆಕ್ಚರ್ ಮುಗಿದ ಮೇಲೆ ಚಪ್ಪಾಳೆ ಇಲ್ಲ, ಬೆಂಚನ್ನು ಗೆಣ್ಣಿನಿಂದ ಕುಟ್ಟುತ್ತಾರೆ. ಹಾಜರಿಗೆ ನಮ್ಮಷ್ಟು ಮಹತ್ವ ಇಲ್ಲ. ಅದನ್ನು ಸ್ವಾತಂತ್ರ್ಯ ಅಂದುಕೊಂಡು ಫೆಬ್ರವರಿ ತನಕ ಮಲಗಿದವರು ಪರೀಕ್ಷೆಯಲ್ಲಿ ಕೈ ಸುಟ್ಟುಕೊಳ್ಳುತ್ತಾರೆ. ಸೆಮಿನಾರ್‌ನಲ್ಲಿ ಬಾಯಿಬಿಡದೆ ಕೂತರೆ ಮರ್ಯಾದೆಯಲ್ಲ, ತಯಾರಿ ಇಲ್ಲ ಅಂತಲೇ ಲೆಕ್ಕ. ನಮ್ಮ ಕಡೆಯ ಹುಡುಗರಿಗೆ ಇದೇ ದೊಡ್ಡ ಅಡಚಣೆ.

ದುಡ್ಡಿನ ಲೆಕ್ಕ ಸರಿಯಾಗಿ ಹಾಕಿ. ಜರ್ಮನಿಯಲ್ಲಿ ಓದು ಪೂರ್ತಿ ಉಚಿತ ಅಂತ ಏಜೆಂಟರು ಹೇಳುವುದನ್ನು ನಂಬಬೇಡಿ. ಟ್ಯೂಬಿಂಗನ್ ಇರುವ ರಾಜ್ಯದಲ್ಲಿ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ಇದೆ. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಮನೆ ಮಾಲೀಕರ ಹತ್ತಿರ ಮಾತಾಡುವಷ್ಟು ಜರ್ಮನ್ ಇಲ್ಲಿಂದಲೇ ಕಲಿತು ಹೋಗಿ. ಜನಸಂಖ್ಯೆ 90 ಸಾವಿರದ ಆಸುಪಾಸು, ಅದರಲ್ಲಿ ಮೂರನೇ ಒಂದು ಪಾಲಿನಷ್ಟು ವಿದ್ಯಾರ್ಥಿಗಳೇ. ಹಾಗಾಗಿ ರೂಮ್ ಸಿಗುವುದು ಅಡ್ಮಿಷನ್‌ಗಿಂತ ಕಷ್ಟ. ಅಡ್ಮಿಷನ್ ಲೆಟರ್ ಕೈಗೆ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ, ವೀಸಾ ಬರಲಿ ಅಂತ ಕಾಯಬೇಡಿ.